ಕೆರೆಯ ನೀರು ಎಲ್ಲಿಗೆ ಹೋಗ್ತದೆ?

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ 25 ವರ್ಷ ನಡೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ಈಗಾಗಲೇ ಓದಿ ಹೇಳಿದ್ದಾರೆ. ಷೇರು, ಠೇವಣಿ, ಸಾಲ, ವಸೂಲಾತಿ ಎಲ್ಲದರ ಲೆಕ್ಕ ನಿಮ್ಮ ಕೈಯಲ್ಲಿರುವ ವರದಿಯಲ್ಲಿದೆ. ಅದನ್ನೇ ಮತ್ತೆ ಹೇಳಿ ನಿಮಗೆ ಬೇಸರ ತರಿಸುವುದಿಲ್ಲ. ಊಟಕ್ಕೂ ಹೊತ್ತಾಗ್ತಾ ಇದೆ. ನಮಗೆ ಕೊಟ್ಟ ವಿಷಯ ನೀರು. ಸಂಘದ ಪುಸ್ತಕದಲ್ಲಿ ಬರೆಯದೇ ಇರುವ ಒಂದು ಜಮಾ-ಖರ್ಚು ಅದು.

ನಾವು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಶಾಲೆಯಲ್ಲಿ ಜಲಚಕ್ರ ಅಂತ ಒಂದು ಚಿತ್ರ ಬರೆಸ್ತಿದ್ದರು, ನಿಮಗೂ ನೆನಪಿರಬೇಕು. ಒಂದು ಕಡೆ ಸಮುದ್ರ, ಅದರಿಂದ ಮೇಲಕ್ಕೆ ಬಾಣದ ಗುರುತು, ಮೋಡ, ಗುಡ್ಡ, ಮಳೆ, ಹೊಳೆ, ತಿರುಗಿ ಸಮುದ್ರ. ಚಂದವಾಗಿ ಬಣ್ಣ ಹಚ್ಚಿದರೆ ಪೂರ್ತಿ ಮಾರ್ಕು. ಆ ಚಿತ್ರದಲ್ಲಿ ನಮ್ಮ ಕೆರೆ ಇರಲಿಲ್ಲ, ಗದ್ದೆ ಇರಲಿಲ್ಲ, ತೋಟವೂ ಇರಲಿಲ್ಲ. ನೀರು ಆವಿಯಾಗುವುದು ಸಮುದ್ರದ ಕೆಲಸ, ಮಳೆ ಹಿಡಿಯುವುದು ನಮ್ಮ ಕೆಲಸ ಅಂತಲೇ ನಾವೆಲ್ಲ ತಿಳಿದುಕೊಂಡೆವು. ಆದರೆ ನಮ್ಮ ಊರಿನ ನೆಲದಿಂದಲೂ ಮೇಲಕ್ಕೆ ಹೋಗುವ ಒಂದು ಬಾಣ ಇದೆ, ಅದು ಸಣ್ಣದೇನಲ್ಲ. ಇವತ್ತಿನ ಮಾತು ಆ ಬಾಣದ ಬಗ್ಗೆ.

ಯಾಕೆ ಈಗ ಅಂದರೆ, ಮುಂದಿನ ಸರ್ವಸದಸ್ಯರ ಸಭೆಗೆ ಎರಡು ವಿಷಯ ಬರ್ತಾ ಇವೆ. ಒಂದು, ಊರ ಕೆರೆಯ ಹೂಳು ತೆಗೆಸಲು ಸಂಘದ ನಿಧಿಯಿಂದ ಹಣ ಕೊಡುವುದು. ಇನ್ನೊಂದು, ಹೊಸ ಬೋರ್‌ವೆಲ್ಲಿಗೆ ಸಾಲ ಬೇಕು ಅಂತ ಬಂದಿರುವ ಅರ್ಜಿಗಳು. ಎರಡನ್ನೂ ಬೇರೆ ಬೇರೆ ವಿಷಯ ಅಂತ ಬರೆದಿದ್ದಾರೆ. ನಮ್ಮ ಲೆಕ್ಕದಲ್ಲಿ ಎರಡೂ ಒಂದೇ.

ಮೊದಲು ಜಮಾ ನೋಡೋಣ. ಗೆರೆ ಎಳೆದು ಅಳೆದರೆ ಶಿಕಾರಿಪುರದಿಂದ ಹೊನ್ನಾವರದ ಕಡಲು ನೂರು ಕಿಲೋಮೀಟರ್ ಆಸುಪಾಸು, ಸೊರಬದಿಂದ ಇನ್ನೂ ಹತ್ತಿರ. ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ಆವಿ ಹೊತ್ತು ಬಂದು ಘಟ್ಟ ಹತ್ತಬೇಕು. ಹತ್ತಿದ ಗಾಳಿ ತಣ್ಣಗಾಗ್ತದೆ, ಸಾವಿರ ಮೀಟರ್ ಮೇಲೇರಿದರೆ ಆರು ಡಿಗ್ರಿಗೂ ಹೆಚ್ಚು. ತಣ್ಣಗಾದ ಗಾಳಿಗೆ ಅಷ್ಟು ಆವಿಯನ್ನು ಹೊರಲಿಕ್ಕೆ ಆಗುವುದಿಲ್ಲ, ಅಲ್ಲೇ ಇಳಿಸ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಸುರಿಯುವುದು ಇದೇ ಕಾರಣಕ್ಕೆ. ಘಟ್ಟ ದಾಟಿದ ಗಾಳಿ ಹೊರೆ ಕಮ್ಮಿ ಮಾಡಿಕೊಂಡು ನಮ್ಮ ಕಡೆ ಬರ್ತದೆ. ಸಾಗರದಲ್ಲಿ ಬಸ್ಸು ಹತ್ತಿ ಸೊರಬ, ಶಿರಾಳಕೊಪ್ಪದ ಮೇಲೆ ಹಿರೇಕೆರೂರಿಗೆ ಹೋಗಿ ನೋಡಿ. ಕಾಡು, ಅಡಿಕೆ, ಭತ್ತದ ಗದ್ದೆ, ಆಮೇಲೆ ಮೆಕ್ಕೆಜೋಳ, ಹತ್ತಿ. ಮಳೆ ಹೇಗೆ ಇಳಿತಾ ಹೋಗ್ತದೆ ಅನ್ನುವುದು ಬಸ್ಸಿನ ಕಿಟಕಿಯಲ್ಲೇ ಕಾಣ್ತದೆ. ನಾವು ಇರುವುದು ಈ ಇಳಿಜಾರಿನ ನಡುಮಧ್ಯೆ. ಮಲೆನಾಡು ಅಂತ ಹೆಸರು, ಬಯಲುಸೀಮೆಯ ಬಿಸಿಲು.

ಇನ್ನೊಂದು ವಿಚಿತ್ರ ನೋಡಿ. ಪಡುವಣ ಕಡಲಿನಿಂದ ಬಂದ ನೀರು ನಮ್ಮಲ್ಲಿ ಬಿದ್ದ ಮೇಲೆ ಪಡುವಣಕ್ಕೆ ಹೋಗುವುದಿಲ್ಲ. ಕುಮುದ್ವತಿ ಇರಲಿ, ವರದೆ ಇರಲಿ, ವರದೆಯನ್ನು ಸೇರುವ ದಂಡಾವತಿ ಇರಲಿ, ಎಲ್ಲ ತುಂಗಭದ್ರೆಗೆ ಹೋಗಿ, ಅಲ್ಲಿಂದ ಕೃಷ್ಣೆಗೆ ಸೇರಿ ಬಂಗಾಳಕೊಲ್ಲಿಯ ದಾರಿ ಹಿಡೀತವೆ. ಒಂದು ಕಡಲಿನಿಂದ ಇನ್ನೊಂದು ಕಡಲಿಗೆ ಹೋಗುವ ನೀರು ನಡುದಾರಿಯಲ್ಲಿ ನಮ್ಮೂರಲ್ಲಿ ನಾಲ್ಕು ದಿನ ತಂಗ್ತದೆ. ಎಷ್ಟು ದಿನ ತಂಗಿಸ್ಕೋತೀವಿ ಅನ್ನುವುದೇ ನಮ್ಮ ಬೇಸಾಯ.

ಇದು ನಮಗಿಂತ ಚೆನ್ನಾಗಿ ನಮ್ಮ ಹಿಂದಿನವರಿಗೆ ಗೊತ್ತಿತ್ತು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಸ್ಥಾನದ ಮುಂದೆ ನಿಂತಿರುವ ಶಾಸನದ ಕಂಬವನ್ನು ನೀವೆಲ್ಲ ನೋಡಿದ್ದೀರಿ. ಐದನೇ ಶತಮಾನದ್ದು, ಕುಬ್ಜ ಅನ್ನುವ ಕವಿ ಸಂಸ್ಕೃತದಲ್ಲಿ ರಚಿಸಿದ್ದು, ಕದಂಬರ ಶಾಂತಿವರ್ಮನ ಕಾಲದಲ್ಲಿ ಕೆತ್ತಿದ್ದು. ಮಯೂರಶರ್ಮ ಕಂಚಿಯಿಂದ ಸಿಟ್ಟಿನಲ್ಲಿ ಬಂದು ರಾಜ್ಯ ಕಟ್ಟಿದ ಕಥೆ ಅದರಲ್ಲಿದೆ ಅಂತ ಎಲ್ಲರೂ ಹೇಳ್ತಾರೆ. ಆದರೆ ಅಲ್ಲಿ ಕಂಬ ನಿಲ್ಲಿಸುವುದಕ್ಕೆ ನೆಪವಾದದ್ದು ಕೆರೆ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಅಲ್ಲಿ ಒಂದು ದೊಡ್ಡ ಕೆರೆ ಕಟ್ಟಿಸಿದ್ದನ್ನು ಅದು ಹೇಳ್ತದೆ. ಸಾವಿರದೈನೂರು ವರ್ಷದ ಹಿಂದೆ, ಈಗಿಗಿಂತ ಎಷ್ಟೋ ಪಾಲು ಕಾಡು ಇದ್ದಾಗಲೂ, ಈ ನೆಲದಲ್ಲಿ ಮಳೆಗಾಲದ ನೀರನ್ನು ಬೇಸಿಗೆವರೆಗೆ ಹಿಡಿದಿಡಬೇಕು ಅಂತ ಅವರಿಗೆ ಅನ್ನಿಸಿತ್ತು. ಸೊರಬ, ಶಿಕಾರಿಪುರದ ಊರೂರಿಗೆ ಕೆರೆ ಸುಮ್ಮನೆ ಹುಟ್ಟಿದ್ದಲ್ಲ.

ಕೆರೆಯ ಜೊತೆ ಕಾನು. ಸೊರಬದ ಕಾನು ಅಂದರೆ ನಮ್ಮ ಮಕ್ಕಳಿಗೆ ಈಗ ಬರೀ ಸರ್ವೆ ನಂಬರು. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಇಂಗ್ಲಿಷರ ಕಾಲದ ಇಬ್ಬರು ಅಧಿಕಾರಿಗಳು ಸೊರಬದ ಕಾನುಗಳ ಮೇಲೆ ಒಂದು ವರದಿ ಬರೆದರು. ಒಂದೇ ತಾಲ್ಲೂಕಿನಲ್ಲಿ 171 ಕಾನು, 32 ಸಾವಿರ ಎಕರೆಗೂ ಮೇಲೆ ಅಂತ ಅದರಲ್ಲಿ ಲೆಕ್ಕ. ಕಾನಿನ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ, ಇದು ಆಗಿನ ಅಚ್ಚುಕಟ್ಟು. ಹನಿ ಮೊದಲು ಎಲೆ ಮೇಲೆ ಬಿದ್ದು, ಆಮೇಲೆ ತರಗೆಲೆ ಮೇಲೆ ಬಿದ್ದು, ಬೇರಿನ ದಾರಿ ಹಿಡಿದು ನಿಧಾನಕ್ಕೆ ಒಳಗೆ ಇಳೀತಿತ್ತು. ಅದೇ ನೀರು ಮಳೆ ನಿಂತ ಮೇಲೂ ಒರತೆಯಾಗಿ ಕೆರೆಗೆ ಬರ್ತಿತ್ತು. ಈಗ ಬೋಳು ಗುಡ್ಡದ ಮೇಲೆ ಬಿದ್ದ ಮಳೆ ಅರ್ಧ ಗಂಟೆಯಲ್ಲಿ ಕೆಂಪಗೆ ಹರಿದು ಬಂದು, ನೀರಿನ ಜೊತೆ ಮಣ್ಣನ್ನೂ ಕೆರೆಗೆ ತುಂಬ್ತದೆ. ಜಮಾ ಬರೆಯುವಾಗಲೇ ಹೂಳೂ ಜಮಾ ಆಯ್ತು.

ಇನ್ನು ಖರ್ಚಿನ ಕಡೆ ಬರೋಣ. ಕೋಡಿಯಲ್ಲಿ ಹೋದ ನೀರು ಕಣ್ಣಿಗೆ ಕಾಣ್ತದೆ, ತೂಬಿನಲ್ಲಿ ಹೋದದ್ದೂ ಕಾಣ್ತದೆ. ಮೇಲಕ್ಕೆ ಹೋದದ್ದು ಕಾಣುವುದಿಲ್ಲ. ಅದಕ್ಕೇ ಅದರ ಲೆಕ್ಕ ಯಾರೂ ಕೇಳುವುದಿಲ್ಲ.

ಬಚ್ಚಲ ಹಂಡೆಯಲ್ಲಿ ನೀರು ಕಾಯಿಸುವುದು ನಿಮಗೆ ಗೊತ್ತು. ತಣ್ಣೀರು ಕುದಿಯುವ ಹದಕ್ಕೆ ಬರಲು ಎಷ್ಟು ಸೌದೆ ಬೇಕೋ, ಕುದಿದ ಆ ನೀರು ಪೂರ್ತಿ ಆರಿ ಹಂಡೆ ಬರಿದಾಗಲು ಅದರ ಆರೇಳು ಪಟ್ಟು ಬೇಕು. ನೀರನ್ನು ಆವಿ ಮಾಡುವುದಕ್ಕೆ ಅಷ್ಟು ಶಾಖ ಹಿಡೀತದೆ. ಕೆರೆಯ ಮೇಲೆ ಆ ಸೌದೆಯನ್ನು ಸೂರ್ಯ ಪುಕ್ಕಟೆ ಒಟ್ತಾನೆ, ಗಾಳಿ ಬಂದು ಎದ್ದ ಆವಿಯನ್ನು ಆಚೆಗೆ ಹೊತ್ತು ಹಾಕಿ ಇನ್ನಷ್ಟಕ್ಕೆ ಜಾಗ ಮಾಡ್ತದೆ. ಕುದಿಯಲೇಬೇಕು ಅಂತಿಲ್ಲ. ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ಹೀಗೇ. ಗಡಿಗೆಯ ಮೈಯಿಂದ ಜಿನುಗಿ ಹಾರುವ ನೀರು ಒಳಗಿನ ನೀರಿನ ಶಾಖವನ್ನು ತಗೊಂಡು ಹೋಗ್ತದೆ.

ಎಷ್ಟು ಹಾರ್ತದೆ ಅಂತ ಅಳೆಯಲು ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಒಂದು ತೊಟ್ಟಿ ಇಟ್ಟಿರ್ತಾರೆ. ಗುಂಡನೆಯ ತಗಡಿನ ತೊಟ್ಟಿ, 4 ಅಡಿ ಅಗಲ, 10 ಇಂಚು ಆಳ, ಹಕ್ಕಿ-ನಾಯಿ ಬಾಯಿ ಹಾಕದ ಹಾಗೆ ಮೇಲೆ ಜಾಲರಿ. ದಿನಾ ಬೆಳಿಗ್ಗೆ ನೀರು ಗುರುತಿನಿಂದ ಎಷ್ಟು ಇಳಿದಿದೆ ಅಂತ ನೋಡಿ ಬರೀತಾರೆ. ತಗಡು ಬೇಗ ಕಾಯುವುದರಿಂದ ಕೆರೆಗಿಂತ ತೊಟ್ಟಿಯಲ್ಲಿ ಹೆಚ್ಚು ಆರ್ತದೆ. ಅದಕ್ಕೆ ಬಂದ ಅಂಕಿಯಲ್ಲಿ ನೂರಕ್ಕೆ ಎಪ್ಪತ್ತು ಭಾಗವನ್ನು ಕೆರೆಯ ಲೆಕ್ಕಕ್ಕೆ ಹಿಡೀತಾರೆ. ಯಂತ್ರ ಅಂತ ಹೆದರಬೇಕಾದ ಸಾಮಾನಲ್ಲ, ಬಾನಿಯಂಥದ್ದೇ.

ನಮ್ಮ ಕಡೆಯ ಬೇಸಿಗೆಗೆ ದಿನಕ್ಕೆ 5 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಒಂದು ಭತ್ತದ ಕಾಳಿನಷ್ಟೂ ಉದ್ದ ಅಲ್ಲ, ಏನು ಮಹಾ ಅಂತೀರಿ. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ 4,000 ಲೀಟರ್. 5 ಮಿಲಿಮೀಟರ್ ಅಂದರೆ 20,000. ಕೆರೆಯಲ್ಲಿ 10 ಎಕರೆಯಷ್ಟು ನೀರು ಹರಡಿ ನಿಂತಿದ್ದರೆ ದಿನಕ್ಕೆ 2 ಲಕ್ಷ ಲೀಟರ್. 5,000 ಲೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ಯಾಂಕರ್ ಇದೆಯಲ್ಲ, ಅಂಥವು 40. ದಿನಾ ಬೆಳಿಗ್ಗೆ 40 ಟ್ಯಾಂಕರ್ ನಮ್ಮ ಕೆರೆ ಏರಿ ಮೇಲೆ ಸಾಲಾಗಿ ನಿಂತು ನೀರು ತುಂಬಿಕೊಂಡು ಹೋದರೆ ಊರವರು ಸುಮ್ಮನಿರ್ತೀವಾ? ದೊಣ್ಣೆ ಹಿಡಿದು ಹೋಗ್ತೀವಿ. 2024ರ ಬೇಸಿಗೆಯಲ್ಲಿ ತೋಟ ಉಳಿಸಲು ಟ್ಯಾಂಕರಿಗೆ ದುಡ್ಡು ಕೊಟ್ಟವರು ಈ ಸಭೆಯಲ್ಲೇ ಇದ್ದೀರಿ, ಒಂದು ಟ್ಯಾಂಕರಿನ ಬೆಲೆ ನಿಮಗೆ ಗೊತ್ತು.

ಈಗ ಹೂಳಿನ ವಿಷಯ. ಎರಡು ಕೆರೆ ಇವೆ ಅಂದುಕೊಳ್ಳಿ. ಒಂದು 10 ಎಕರೆ ಅಗಲ, 6 ಅಡಿ ಆಳ. ಇನ್ನೊಂದು 20 ಎಕರೆ ಅಗಲ, 3 ಅಡಿ ಆಳ. ಎರಡರಲ್ಲೂ ಇರುವ ನೀರು ಒಂದೇ ಸಮ. ಫೆಬ್ರವರಿಯಿಂದ ಮೇವರೆಗೆ 120 ದಿನ, ದಿನಕ್ಕೆ 5 ಮಿಲಿಮೀಟರಿನಂತೆ 600 ಮಿಲಿಮೀಟರ್, ಅಂದರೆ 2 ಅಡಿ ಆಕಾಶಕ್ಕೆ ಹೋಯ್ತು. 6 ಅಡಿಯ ಕೆರೆಯಲ್ಲಿ 4 ಅಡಿ ಉಳೀತು, 3 ಅಡಿಯದರಲ್ಲಿ ಉಳಿದದ್ದು ಒಂದೇ ಅಡಿ. ಮೊದಲನೆಯದು ಮೂರರಲ್ಲಿ ಒಂದು ಪಾಲು ಕಳಕೊಂಡಿತು, ಎರಡನೆಯದು ಮೂರರಲ್ಲಿ ಎರಡು ಪಾಲು. ಗದ್ದೆಗೆ ಒಂದು ಹನಿಯನ್ನೂ ಬಿಡದೆ ಇದ್ದರೂ ಇಷ್ಟು. ಇದು ದಡ ನೆಟ್ಟಗಿದೆ ಅಂತ ಹಿಡಿದ ಲೆಕ್ಕ, ನಿಜವಾದ ಕೆರೆಯಲ್ಲಿ ಸ್ವಲ್ಪ ಆಚೀಚೆ ಆಗ್ತದೆ. ಆದರೆ ಹೂಳು ತುಂಬಿದ ಕೆರೆ ಯಾಕೆ ಯುಗಾದಿಗೆಲ್ಲ ಬಿರುಕು ಬಿಡ್ತದೆ ಅನ್ನುವುದು ಇದರಲ್ಲೇ ಇದೆ. ಹೂಳು ತುಂಬಿದರೆ ನೀರು ಹಿಡಿಯುವುದು ಕಮ್ಮಿ ಆಗುವುದಷ್ಟೇ ಅಲ್ಲ, ಹಿಡಿದ ನೀರು ತೆಳ್ಳಗೆ ಹರಡಿ, ಬಟ್ಟೆ ಒಣಗಿ ಹಾಕಿದ ಹಾಗೆ ಬೇಗ ಆರ್ತದೆ.

ಹೂಳು ತೆಗೆಯುವಾಗ ಅಂಚಿನ ಕಡೆಯಿಂದ ತೆಗೆಯಿರಿ, ಟ್ರ್ಯಾಕ್ಟರ್ ಸಲೀಸಾಗಿ ಹೋಗ್ತದೆ, ನಮ್ಮ ಜಮೀನಿಗೂ ಗೋಡು ಹತ್ತಿರ ಆಗ್ತದೆ ಅಂತ ಕೆಲವರ ಬೇಡಿಕೆ ಇದೆ. ಅಂಚು ಕೆರೆದು ಕೆರೆಯನ್ನು ಅಗಲ ಮಾಡಿದರೆ ನಾವು ಆವಿಯ ಜಾಗವನ್ನೇ ಹೆಚ್ಚು ಮಾಡಿದ ಹಾಗಾಯ್ತು. ಸಂಘದ ಹಣ ಹೋಗುವುದಾದರೆ ಅದು ಆಳಕ್ಕೆ ಹೋಗಬೇಕು, ಅಂಗಳದ ಮಧ್ಯಕ್ಕೆ ಹೋಗಬೇಕು. ಏರಿಯ ಬುಡವನ್ನು ಮಾತ್ರ ಮುಟ್ಟಬಾರದು, ಏರಿ ಸಡಿಲ ಆದೀತು. ಹೂಳಿನ ಕೆಳಗಿನ ಹಳೇ ಜಿಗುಟು ಮಣ್ಣಿನ ಪದರವನ್ನೂ ಒಡೆಯಬಾರದು, ಒಡೆದರೆ ಕೆರೆ ನಿಲ್ಲುವುದಿಲ್ಲ, ಸೋರ್ತದೆ.

ತೂಬಿಗಿಂತ ಕೆಳಗೆ ಆಳ ಮಾಡಿದರೆ ಆ ನೀರು ಗದ್ದೆಗೆ ಹರಿಯುವುದಿಲ್ಲವಲ್ಲ ಅಂತ ಹಿರಿಯರೊಬ್ಬರು ಮೊನ್ನೆ ಕೇಳಿದರು. ಒಳ್ಳೇ ಪ್ರಶ್ನೆ. ಹೌದು, ಹರಿಯುವುದಿಲ್ಲ. ಅದು ಗದ್ದೆಯ ನೀರಲ್ಲ, ದನಕರುಗಳ ನೀರು, ಮೀನಿನ ನೀರು, ಕೆಳಗಿನ ಬಾವಿಗಳ ಒರತೆಯ ನೀರು. ಏಪ್ರಿಲ್ ತಿಂಗಳಲ್ಲಿ ದನ ಎಲ್ಲಿಗೆ ಹೊಡಕೊಂಡು ಹೋಗುವುದು ಅಂತ ಹೆಣ್ಣುಮಕ್ಕಳನ್ನು ಕೇಳಿ, ಅದರ ಬೆಲೆ ಅವರು ಹೇಳ್ತಾರೆ.

ಈಗ ಹೊಳೆಯಿಂದ ನೀರೆತ್ತಿ ಕೆರೆ ತುಂಬಿಸುವ ಯೋಜನೆಗಳು ನಮ್ಮ ಕಡೆಗೂ ಬಂದಿವೆ. ಶಿಕಾರಿಪುರದ ಕೆರೆಗಳಿಗೆ ತುಂಗಭದ್ರೆಯಿಂದ ನೀರು ತರುವ ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿ, ಸೊರಬದ ಕಡೆ ಮೂಡಿ, ಮೂಗೂರು ಯೋಜನೆಗಳು. ಬಂದದ್ದು ಸಂತೋಷ, ಬೇಡ ಅನ್ನುವವರು ಯಾರೂ ಇಲ್ಲ. ಆದರೆ ಕರೆಂಟು ಸುಟ್ಟು ಪೈಪಿನಲ್ಲಿ ಎತ್ತಿ ತಂದ ನೀರನ್ನು ಹೂಳು ತುಂಬಿದ ಮೂರಡಿ ಕೆರೆಗೆ ಸುರಿದರೆ, ಅದರಲ್ಲಿ ಮೂರರಲ್ಲಿ ಎರಡು ಪಾಲನ್ನು ಬಿಸಿಲಿಗೆ ಎತ್ತಿ ಕೊಟ್ಟ ಹಾಗೆ.

ಇಷ್ಟು ಹೊತ್ತು ಹೇಳಿದ್ದು ಬರೀ ತೆರೆದ ನೀರಿನ ಲೆಕ್ಕ. ಇದಕ್ಕಿಂತ ದೊಡ್ಡ ಖರ್ಚು ಎಲೆಯ ಮೂಲಕ. ಎಲೆಯ ಅಡಿಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿವೆ, ಪತ್ರರಂಧ್ರ ಅಂತಾರೆ. ಗಾಳಿಯನ್ನು ಒಳಗೆ ತಗೊಳ್ಳಲು ಗಿಡ ಆ ಬಾಯಿ ತೆರೀಬೇಕು, ತೆರೆದಾಗ ಒಳಗಿನ ನೀರು ಹಾರ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಹೀಗೆ ಆಕಾಶಕ್ಕೆ ಹೋಗ್ತದೆ, ಗಿಡದ ಮೈಗೆ ಹತ್ತುವುದು ಉಳಿದ ಚೂರು. ಇಡೀ ಪ್ರಪಂಚದ ನೆಲದ ಮೇಲೆ ಬೀಳುವ ಮಳೆಯಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಪಾಲು ಹೀಗೆ ನೆಲದಿಂದ, ಕೆರೆಯಿಂದ, ಎಲೆಯಿಂದ ತಿರುಗಿ ಮೇಲಕ್ಕೇ ಹೋಗ್ತದೆ. ಹೊಳೆಯಾಗಿ ಕಡಲಿಗೆ ಸೇರುವುದು ಉಳಿದದ್ದು ಮಾತ್ರ. ನಮ್ಮ ಜಲಚಕ್ರದ ಚಿತ್ರದಲ್ಲಿ ಬಿಟ್ಟುಹೋದ ಬಾಣ ಎಷ್ಟು ದಪ್ಪ ಅಂತ ಈಗ ಗೊತ್ತಾಯ್ತಲ್ಲ.

ಇದು ದಂಡದ ಖರ್ಚಲ್ಲ. ಎಲೆಯಿಂದ ಹಾರಿದ ನೀರು ಬೆಳೆ ಕೊಟ್ಟೇ ಹಾರ್ತದೆ. ಬರೀ ನೆಲದಿಂದ ಹಾರಿದ್ದು ಏನೂ ಕೊಡುವುದಿಲ್ಲ. ಅದಕ್ಕೇ ತೋಟದಲ್ಲಿ ಸೋಗೆ, ಹಾಳೆ, ದರಗು ಹೊದಿಸಿ ಅಂತ ಹೇಳುವುದು. ಹಾಳೆ ಮಾರಿ ತಟ್ಟೆ ಮಾಡುವವರಿಗೆ ಬೇಸರ ಆಗಬಾರದು, ಸೋಗೆಯನ್ನಾದರೂ ಸುಡದೆ ಬುಡಕ್ಕೆ ಹಾಕಿ.

ಆದರೆ ಯಾವ ಕಾಲದಲ್ಲಿ ಹಾರ್ತದೆ ಅನ್ನುವುದು ನೋಡಬೇಕು. ಭತ್ತ ಬಹಳ ನೀರು ಕುಡೀತದೆ ಅಂತ ಎಲ್ಲರೂ ಬೈತಾರೆ. ಕುಡೀತದೆ, ಒಂದು ಕಿಲೋ ಭತ್ತಕ್ಕೆ ಎರಡು ಸಾವಿರ ಲೀಟರಿಗೂ ಮೇಲೆ ನೀರು ಬೇಕು. ಆದರೆ ನಮ್ಮ ಮಳೆಗಾಲದ ಭತ್ತ ಕುಡಿಯುವುದು ಆರಿದ್ರೆ, ಪುಷ್ಯದ ಮಳೆಯನ್ನು, ಮೋಡ ಮುಚ್ಚಿ ಗಾಳಿ ತೇವ ಇರುವಾಗ. ನಿಂತ ನೀರಿನಲ್ಲಿ ಒಂದಷ್ಟು ಕೆಳಗೆ ಇಂಗಿ ಬಾವಿಗೂ ಸೇರ್ತದೆ. ಬೇಸಿಗೆಗೆ ಗದ್ದೆ ಖಾಲಿ. ಅಡಿಕೆ ಹಾಗಲ್ಲ. ಅದು ವರ್ಷ ಪೂರ್ತಿ ಹಸಿರು, ಅತಿ ಹೆಚ್ಚು ಕೇಳುವುದೇ ಮಳೆ ಇಲ್ಲದಾಗ. ಎಕರೆಗೆ 550 ಮರ, ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 18 ಲೀಟರ್ ಅಂತ ಹಿಡಿದರೂ ಹತ್ತಿರ ಹತ್ತಿರ 10,000 ಲೀಟರ್ ಆಯ್ತು. ಡಿಸೆಂಬರಿನಿಂದ ಮೇ ಕೊನೆಗೆ 180 ದಿನ, 18 ಲಕ್ಷ ಲೀಟರ್. ಒಂದು ಎಕರೆ ಮೇಲೆ ಒಂದೂವರೆ ಅಡಿ ನೀರು ನಿಲ್ಲಿಸಿದಷ್ಟು. ಇದು ಬಿಗಿಯಾಗಿ ಕೊಟ್ಟ ಲೆಕ್ಕ. ಕಾಲುವೆ ಮಾಡಿ ಹಾಯಿಸಿದರೆ ಇನ್ನೂ ಎಷ್ಟೋ ಹೆಚ್ಚು.

ಅಡಿಕೆ ಹಾಕಬೇಡಿ ಅಂತ ಹೇಳಲು ನಾವು ನಿಂತಿಲ್ಲ. ನಮಗೂ ಒಂದೂವರೆ ಎಕರೆ ತೋಟ ಇದೆ, ಮಕ್ಕಳ ಫೀಜು ಅದರಿಂದಲೇ. ಗದ್ದೆ ಹೋಗಿ ತೋಟ ಆಗಿದ್ದಕ್ಕೆ ಕೂಲಿ, ಬೆಲೆ ಅಂತ ನೂರು ಕಾರಣ ಇವೆ. ಹೇಳುವುದಿಷ್ಟೇ, ಆ ಒಂದೂವರೆ ಅಡಿ ನೀರು ಎಲ್ಲಿಂದ ಬರ್ತದೆ? ಕೆರೆ ಬತ್ತಿದೆ, ಬಾವಿ ಬತ್ತಿದೆ, ಉಳಿದದ್ದು ಬೋರು. ಬಂಡೆಯ ಬಿರುಕಿನಲ್ಲಿ ಎಷ್ಟೋ ಮಳೆಗಾಲ ನಿಧಾನಕ್ಕೆ ಇಳಿದು ಕೂತ ನೀರನ್ನು ನಾವು ಒಂದು ಬೇಸಿಗೆಯಲ್ಲಿ ಎತ್ತಿ ಎಲೆಯ ಮೂಲಕ ಆಕಾಶಕ್ಕೆ ಕಳಿಸ್ತೀವಿ. ಅದು ಅಸಲು. ಬಡ್ಡಿ ತಿಂದು ಬದುಕಬಹುದು, ಅಸಲು ತಿಂದರೆ ಏನಾಗ್ತದೆ ಅಂತ ಸಂಘದ ಸದಸ್ಯರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿತು. ಅಂಥ ವರ್ಷ ಬಂದಾಗ ಜಮಾ ಇಲ್ಲ, ಖರ್ಚು ಮಾತ್ರ ಎಂದಿನಂತೆ, ಬಿಸಿಲು ಹೆಚ್ಚಾದ್ದರಿಂದ ಎಂದಿಗಿಂತ ಜಾಸ್ತಿ.

ಮೇಲೆ ಹೋದದ್ದು ಮತ್ತೆ ನಮ್ಮಲ್ಲೇ ಬೀಳ್ತದಲ್ಲ, ನಷ್ಟ ಏನು ಅಂತ ಒಬ್ಬ ಹುಡುಗ ಕೇಳಿದ. ಗಾಳಿಗೆ ಸೇರಿದ ಆವಿ ಸರಾಸರಿ ಒಂಬತ್ತು-ಹತ್ತು ದಿನ ಮೇಲೆ ಇರ್ತದೆ. ಅಷ್ಟರಲ್ಲಿ ಗಾಳಿ ಅದನ್ನು ಎಷ್ಟು ದೂರ ಹೊತ್ತಿರ್ತದೆ ಯೋಚನೆ ಮಾಡಿ. ಮುಂಗಾರಿನ ಗಾಳಿ ಪಡುವಣದಿಂದ ಮೂಡಲಿಗೆ ಬೀಸುವಂಥದ್ದು, ನಮ್ಮ ನೆಲದ ಆವಿ ಮೂಡಲ ಸೀಮೆಯ ಮೋಡಕ್ಕೆ ಸೇರಿತು. ನಮ್ಮ ಮೋಡಕ್ಕೂ ಹಾಗೇ ಘಟ್ಟದ ಕಾಡಿನ ಆವಿ ಸೇರಿರ್ತದೆ. ಪಶ್ಚಿಮ ಘಟ್ಟದ ಕಾಡಿನಿಂದ ಎದ್ದ ಆವಿಗೆ ತಮಿಳುನಾಡಿನ ಮುಂಗಾರು ಮಳೆಯಲ್ಲಿ ದೊಡ್ಡ ಪಾಲಿದೆ ಅಂತ ಮುಂಬಯಿಯ ಐಐಟಿ ವಿಜ್ಞಾನಿಗಳು 2018ರಲ್ಲಿ ತೋರಿಸಿಕೊಟ್ಟರು. ಯಾರದೋ ಕಾಡು, ಯಾರದೋ ಮಳೆ. ಬೇಸಿಗೆ ಕೊನೆಯ ಗುಡುಗು ಮಳೆಗೆ ಮಾತ್ರ ಹತ್ತಿರದ ನೆಲದ ತೇವವೂ ಕೂಡಿ ಬರ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಹಿರಿಯರು ಹೇಳ್ತಿದ್ದರಲ್ಲ, ಆ ಮಳೆ. ಹಾಗಂತ ಒಂದು ಕೆರೆಯ ಹೂಳು ತೆಗೆದರೆ ಊರಿಗೆ ಮಳೆ ಹೆಚ್ಚಾಗ್ತದೆ ಅಂತ ಭಾಷಣ ಮಾಡುವವರನ್ನು ನಂಬಬೇಡಿ. ಕೆರೆ ಮಳೆ ತರುವುದಿಲ್ಲ. ಬಂದ ಮಳೆಯನ್ನು ಮೇ ತಿಂಗಳವರೆಗೆ ಇಟ್ಟುಕೊಳ್ತದೆ, ಅಷ್ಟಾದರೆ ಬೇಕಾದಷ್ಟಾಯ್ತು.

ಇನ್ನು ನಮ್ಮ ಸಲಹೆ. ಹೂಳು ತೆಗೆಸುವ ಹಣವನ್ನು ಸಭೆ ಒಪ್ಪಬೇಕು ಅಂತ ನಾವು ಕೇಳಿಕೊಳ್ತೇವೆ, ಆದರೆ ಆಳದ ಷರತ್ತಿನ ಮೇಲೆ. ಗೋಡು ಬೇಕಾದವರು ಸಾಗಾಟದ ಖರ್ಚು ತಾವೇ ಹಾಕಿಕೊಳ್ಳಲಿ. ಬೋರಿನ ಸಾಲದ ಅರ್ಜಿ ಬಂದಾಗ ಪಹಣಿ, ಜಾಮೀನು ನೋಡಿದ ಹಾಗೇ, ಹನಿ ನೀರಾವರಿ ಇದೆಯೋ ಇಲ್ಲವೋ, ಪಕ್ಕದ ಬೋರು ಎಷ್ಟು ದೂರ, ಮಳೆನೀರು ಇಂಗಿಸಲು ಒಂದು ಗುಂಡಿಯಾದರೂ ಇದೆಯೋ ಅಂತ ಆಡಳಿತ ಮಂಡಳಿ ನೋಡಲಿ. ಇದರಿಂದ ಕೆಲವರಿಗೆ ನಮ್ಮ ಮೇಲೆ ಸಿಟ್ಟು ಬರಬಹುದು. ಮುಂದಿನ ಚುನಾವಣೆಯಲ್ಲಿ ಅದನ್ನು ತೀರಿಸಿಕೊಳ್ಳುವ ಅವಕಾಶ ನಿಮಗೆ ಇದ್ದೇ ಇದೆ.

ಮತ್ತೊಂದು ಸಣ್ಣ ಕೆಲಸ. ಮಳೆ ಅಳೆಯುವ ಯಂತ್ರಗಳನ್ನು ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದವರೆಗೂ ಹಾಕಿದ್ದಾರೆ, ಜಮಾ ಅಲ್ಲಿ ಸಿಕ್ತದೆ. ಖರ್ಚು ಅಳೆಯಲು ಕೆರೆಯ ತೂಬಿನ ಹತ್ತಿರ ಅಡಿ-ಇಂಚಿನ ಗುರುತು ಹಾಕಿದ ಒಂದು ಕಲ್ಲು ನಿಲ್ಲಿಸಿದರೆ ಸಾಕು. ವಾರಕ್ಕೊಮ್ಮೆ ಹೈಸ್ಕೂಲು ಮಕ್ಕಳು ನೋಡಿ ಬಂದು ಹೇಳಲಿ, ಸಂಘದ ಬಾಗಿಲ ಪಕ್ಕದ ಕರಿಹಲಗೆಯ ಮೇಲೆ, ಗೊಬ್ಬರದ ದರ ಬರೆಯುವ ಜಾಗದ ಕೆಳಗೆ, ಈ ವಾರ ಕೆರೆ ಎಷ್ಟು ಇಂಚು ಇಳಿಯಿತು ಅಂತ ಬರೆಯೋಣ. ಕಲ್ಲಿನ ಖರ್ಚು ನಾವು ಕೊಡ್ತೇವೆ. ಕಲ್ಲು ಕೆತ್ತುವವರ ಹತ್ತಿರ ಮಾತಾಡಿ ಆಗಿದೆ, ಕೆರೆ ಇಳಿದ ಮೇಲೆ ನಿಲ್ಲಿಸಲು ನಾಲ್ಕು ಜನ ಕೈಜೋಡಿಸಿದರೆ ಒಂದು ಬೆಳಗಿನ ಕೆಲಸ.